ಊರು ಕಾಯುವವರು ಯಾರ ಲೆಕ್ಕದಲ್ಲಿ?

ಘತ್ತರಗಿಯ ಭೀಮೆಗೆ ಕಂಪನಿ ಹೊಸದಲ್ಲ. ಇದೇ ಹೊಳೆಯ ಮೇಲ್ದಂಡೆಯ ಕೋರೆಗಾಂವದಲ್ಲಿ 1818ರ ಜನವರಿ 1ರಂದು ಈಸ್ಟ್ ಇಂಡಿಯಾ ಕಂಪನಿಯ ಪಡೆಯಲ್ಲಿದ್ದ ಮಹಾರರು ಪೇಶ್ವೆಯ ದಂಡಿಗೆ ಎದೆಗೊಟ್ಟರು. ಕಂಪನಿ ರಾಜ್ಯ ಕಟ್ಟಿಕೊಂಡಿತು, ಅಲ್ಲೊಂದು ಕಂಬ ನಿಲ್ಲಿಸಿತು. ಆ ಶತಮಾನ ಮುಗಿಯುವುದರೊಳಗೆ ಬ್ರಿಟಿಷ್ ಸರಕಾರವೇ ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿತು. ಮಹಾಯುದ್ಧ ಬಂದಾಗ ಮತ್ತೆ ನೆನಪಾಯಿತು. 1941ರಲ್ಲಿ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟ್ ಕಟ್ಟಿದರು.

ಸ್ವಾತಂತ್ರ್ಯ ಬಂದ ಮೇಲೆ ದಂಡಿನ ಕೆಲಸಕ್ಕೆ ಸರಕಾರದ್ದೇ ಕಂಪನಿಗಳಾದವು. 1940ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಮಾನ ಕಾರ್ಖಾನೆಯೇ ಇಂದಿನ ಎಚ್‌ಎಎಲ್. 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್. ವಾಯುಪಡೆಯ ವಿಮಾನ ಕಟ್ಟುವುದು, ರಿಪೇರಿ ಮಾಡುವುದು, ರಾಡಾರು ಮಾಡಿಕೊಡುವುದು ಇವುಗಳ ಕಸುಬು. ಸರಕಾರದ್ದು ಅಂದಮೇಲೆ ಮೀಸಲಾತಿ ಬಂತು. ಕೇರಿಯ ಮಕ್ಕಳು ಐಟಿಐ ಪಾಸಾಗಿ ಇಂಥ ಕಾರ್ಖಾನೆಗಳಲ್ಲಿ ಲೇತ್ ಹಿಡಿದರು. ಕ್ವಾರ್ಟರ್ಸಿನ ನಲ್ಲಿಯಲ್ಲಿ ಯಾರಪ್ಪಣೆಯೂ ಇಲ್ಲದೆ ನೀರು ಹಿಡಿದರು. ಇದನ್ನು ನಾವು ಮರೆತಿಲ್ಲ.

ನಮ್ಮ ಜಗಳ ಗೇಟಿನದು. ನಮ್ಮೋಣಿ ಹುಡುಗನೊಬ್ಬ ಬಿ.ಎ. ಮುಗಿಸಿ ಬೆಂಗಳೂರಿಗೆ ಹೋಗ್ಯಾನ. ಒಂದು ಸರಕಾರಿ ಕಂಪನಿ ಗೇಟಿನಾಗ ನಿಂತಾನ. ಮೈಮ್ಯಾಲ ಯೂನಿಫಾರ್ಮ್ ಅದ, ಕೈಯಾಗ ಸೀಟಿ ಅದ. ‘ನನ್ನ ಮಗ ಸರಕಾರಿ ನೌಕರಿಗಿ ಹತ್ಯಾನ’ ಅಂತ ಅವರವ್ವ ಭಾಗ್ಯವಂತಿಗೆ ಕಾಯಿ ಒಡಿಸಿದಳು. ಪಗಾರ ಕೊಡುವವ ಮಾತ್ರ ಕಂತ್ರಾಟುದಾರ. ಅವನ ಹಾಜರಿ ಪುಸ್ತಕಕ್ಕೆ ಮೀಸಲಾತಿಯ ರೋಸ್ಟರ್ ಇಲ್ಲ. ಜಾತ್ರೆಗೆ ರಜಾ ಕೇಳಿದರೆ ‘ನಾಳಿಂದ ಬರಬ್ಯಾಡ’.

ಇದು ತಾನಾಗಿ ಆದದ್ದಲ್ಲ. ಕೇಂದ್ರದ ವ್ಯಾಪ್ತಿಯ ಸಂಸ್ಥೆಗಳ ಕಟ್ಟಡಗಳಲ್ಲಿ ಗುಡಿಸಲು, ತೊಳೆಯಲು, ಕಾಯಲು ಗುತ್ತಿಗೆ ಕೂಲಿ ಕೂಡದೆಂದು 1976ರ ಡಿಸೆಂಬರ್ 9ರಂದು ಅಧಿಸೂಚನೆ ಹೊರಟಿತ್ತು. 2001ರ ಆಗಸ್ಟ್ 30ರಂದು ಸುಪ್ರೀಂ ಕೋರ್ಟು ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಅದನ್ನು ರದ್ದುಮಾಡಿತು. ಗುತ್ತಿಗೆ ನಿಷೇಧವಾದರೂ ಕೂಲಿ ತಾನೇ ತಾನಾಗಿ ಕಂಪನಿಯ ನೌಕರನಾಗುವುದಿಲ್ಲ ಎಂದೂ ಹೇಳಿತು. 2020ರ ಕಾರ್ಮಿಕ ಸಂಹಿತೆ ಇನ್ನೂ ಜಾಣ: ‘ಮುಖ್ಯ ಕೆಲಸ’ಕ್ಕೆ ಗುತ್ತಿಗೆ ಬೇಡ, ಆದರೆ ವಿಮಾನ ಕಟ್ಟುವಲ್ಲಿ ಗುಡಿಸುವುದೂ ಕಾಯುವುದೂ ಮುಖ್ಯ ಕೆಲಸವಲ್ಲ!

ಗುಡಿಸುವುದು, ಕಾಯುವುದು. ಕಾನೂನು ಬರೆದವರಿಗೆ ಈ ಜೋಡಿ ಎಲ್ಲಿ ಸಿಕ್ಕಿತೋ ಗೊತ್ತಿಲ್ಲ, ನಮಗೆ ಗೊತ್ತು. ನಮ್ಮ ಮುತ್ತ್ಯಾಗಳು ಗೌಡರ ಊರಿನಲ್ಲಿ ಮಾಡಿದ ಬಿಟ್ಟಿ ಚಾಕರಿ ಇದೇ. ಊರು ಕಾಯಬೇಕು, ಊರೊಳಗೆ ಮನೆ ಕಟ್ಟಬಾರದು.

ದೇಶದ ಭದ್ರತೆ ಅನ್ನುತ್ತೀರಿ. ಆ ಭದ್ರತೆಯ ಬಾಗಿಲಲ್ಲಿ ರಾತ್ರಿಯೆಲ್ಲಾ ನಿಂತವನಿಗೆ ಬರುವ ತಿಂಗಳು ಕೆಲಸ ಇದೆಯೋ ಇಲ್ಲವೋ ಖಾತ್ರಿಯಿಲ್ಲ. ಗೇಟು ಖಾಯಂ, ಕಾವಲು ಖಾಯಂ, ಕಾಯುವವ ಯಾಕೆ ಖಾಯಂ ಅಲ್ಲ?

‘ಸಾರ್ವಜನಿಕ ಉದ್ದಿಮೆ ಉಳಿಸಿ’ ಎಂದು ಗೋಡೆ ಬರೆಯುವ ಸಂಗಾತಿಗಳೆ, ಬರೆಯಿರಿ, ನಾವೂ ಬರುತ್ತೇವೆ. ಎಚ್‌ಎಎಲ್‌ನ ಷೇರುಗಳು 2018ರಲ್ಲಿ ಪೇಟೆಗೆ ಬಂದಾಗ ನಿಮಗಾದ ಸಿಟ್ಟು ನಮ್ಮದೂ ಹೌದು. ಆದರೆ ನಿಮ್ಮ ಯೂನಿಯನ್ನಿನ ಪುಸ್ತಕದಲ್ಲಿ ಆ ಸೀಟಿಯ ಹುಡುಗನ ಹೆಸರು ಯಾವ ಪುಟದಲ್ಲಿದೆ? ಮೊದಲು ಅದನ್ನು ಬರೀರಿ. ಗೋಡೆಗೆ ಸುಣ್ಣ ನಾವೇ ತರ್ತೀವಿ.