ಪ್ರಾಕ್ಸಿ ಹಾಕೋದು ಪ್ರೀತಿ ಅಲ್ಲ

ಹಾಸ್ಟೆಲಲ್ಲಿ ಒಬ್ಬ ಕುಡಿತಕ್ಕೆ ಬಿದ್ದ ಅಂದ್ರೆ ನಾವು ಮಾಡೋದು ಎರಡೇ: "ಅವನ ಹಣೆಬರಹ, ಬಿಡು ಮಗಾ" ಅಂತ ದೂರ ಸರಿಯೋದು, ಇಲ್ಲಾಂದ್ರೆ ಪ್ರಾಕ್ಸಿ ಹಾಕಿ ಮುಚ್ಚಿಡೋದು. ನನ್ನ ಪ್ರಕಾರ ಎರಡೂ ಪ್ರೀತಿ ಅಲ್ಲ.

1939ರಲ್ಲಿ ಅಮೆರಿಕದ ಆಕ್ರನ್ ಊರಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾಖಲಾತಿ ನೋಡಿಕೊಳ್ಳುತ್ತಿದ್ದವರು ಸಿಸ್ಟರ್ ಇಗ್ನೇಷಿಯಾ ಎಂಬ ಕ್ರೈಸ್ತ ಸನ್ಯಾಸಿನಿ. ಕುಡುಕರಿಗೆ ಆಗ ಆಸ್ಪತ್ರೆಗಳಲ್ಲಿ ಸುಲಭವಾಗಿ ಜಾಗ ಸಿಗುತ್ತಿರಲಿಲ್ಲ. ಆಲ್ಕೋಹಾಲಿಕ್ಸ್ ಅನಾನಿಮಸ್ ಸ್ಥಾಪಕರಲ್ಲೊಬ್ಬರಾದ ಡಾಕ್ಟರ್ ಬಾಬ್ ಕೇಳಿಕೊಂಡಾಗ, ಇವರು 'ಜಠರದ ಉರಿಯೂತ' ಎಂದು ಬರೆದು ಕುಡುಕನೊಬ್ಬನನ್ನು ಸೇರಿಸಿಕೊಂಡರು. ಕ್ರಿಸ್ತನ ಪ್ರೀತಿ ಅಲ್ಲಿ ಉಪದೇಶವಾಗಿ ಬರಲಿಲ್ಲ, ಹಾಸಿಗೆಯಾಗಿ ಬಂತು.

ಅದೂ ಸುಳ್ಳೇ ಅಲ್ವಾ ಅಂತೀರಾ? ಹೌದು. ಆದ್ರೆ ಆ ಸುಳ್ಳು ಅವನನ್ನು ಚಿಕಿತ್ಸೆಗೆ ತಂತು. ನಮ್ಮ ಪ್ರಾಕ್ಸಿ ಅವನನ್ನು ಬಾಟಲಿ ಜೊತೆ ಒಂಟಿಯಾಗಿ ಬಿಡುತ್ತೆ. ಅವರ ಪ್ರೀತಿಯಲ್ಲಿ ಶಿಸ್ತೂ ಇತ್ತು. ಮನೆಗೆ ಹೊರಟವರಿಗೆ ಯೇಸುವಿನ ಪವಿತ್ರ ಹೃದಯದ ಪುಟ್ಟ ಬ್ಯಾಡ್ಜ್ ಕೊಟ್ಟು, ಮತ್ತೆ ಕುಡಿಯೋ ಮೊದಲು ಇದನ್ನು ವಾಪಸ್ ತಂದುಕೊಡಬೇಕು ಅಂತ ಮಾತು ತಗೊಳ್ತಿದ್ರು.

ಪ್ರೀತಿ ಇದ್ರೆ ಡಾಕ್ಟರ್ ಬೇಡ ಅಂತಲ್ಲ. ತುಂಬಾ ಕುಡಿಯುವವರು ದಿಢೀರ್ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಇದೆ, 14446 ಸಹಾಯವಾಣಿ ಇದೆ. ಆದ್ರೆ ಅಲ್ಲಿವರೆಗೂ ಕರ್ಕೊಂಡು ಹೋಗೋರು, ಬಂದ ಮೇಲೆ ಸಂಜೆ ಜೊತೆಗೆ ಟೀ ಕುಡಿಯೋರು ಬೇಕಲ್ಲ? ಅದಕ್ಕೆ ಯಾವ ಧರ್ಮದವರಾದರೂ ಆದೀತು.

ನಾಳೆ ಅವನ ಅಟೆಂಡೆನ್ಸ್ ಕೂಗೋ ಮೊದಲು, ಇವತ್ತು ಅವನ ರೂಮಿನ ಬಾಗಿಲು ತಟ್ಟಿ.