ಕದ್ದವನಿಗೆ ಜಾಮೀನು, ಕಳೆದುಕೊಂಡವನಿಗೆ ಅಲೆದಾಟ

ತುರ್ಭೆಯ ಸಗಟು ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲನಿಂದ ಹಿಡಿದು ಗದ್ದುಗೆಯ ಮೇಲೆ ಕುಳಿತ ವರ್ತಕನವರೆಗೆ ಎಲ್ಲರೂ ಆಧಾರ್, ಪ್ಯಾನ್ ನಕಲುಗಳನ್ನು ಕೇಳಿದವರಿಗೆಲ್ಲ ಕೊಡಬೇಕಾಗಿದೆ. ಕೊಡದಿದ್ದರೆ ಸಿಮ್ ಇಲ್ಲ, ಬಾಡಿಗೆ ಮನೆಯಿಲ್ಲ, ಕೆಲಸವಿಲ್ಲ. ಆ ನಕಲನ್ನೇ ಮುಂದಿಟ್ಟು ಯಾರೋ ಸಾಲವೆತ್ತಿದರೆ ವಸೂಲಿಯವರು ಬಂದು ನಿಲ್ಲುವುದು ನಿರಪರಾಧಿಯ ಬಾಗಿಲಲ್ಲಿ. ಆಗ ಲೋಕವೆಲ್ಲ ಕೇಳುವ ಪ್ರಶ್ನೆ ಒಂದೇ: ‘ನೀನೇಕೆ ಎಚ್ಚರ ವಹಿಸಲಿಲ್ಲ?’ ಅನ್ಯಾಯ ಮೊದಲಾಗುವುದು ಈ ಪ್ರಶ್ನೆಯಿಂದಲೇ.

ಕಾನೂನು ಇಲ್ಲವೆಂದಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮು ಗುರುತಿನ ಕಳವಿಗೆ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡವನ್ನು ವಿಧಿಸುತ್ತದೆ. ಆದರೆ 77ಬಿ ಕಲಮಿನಂತೆ ಅದು ಜಾಮೀನು ಸಿಗುವ ಅಪರಾಧ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ತಮ್ಮ ಸರಹದ್ದಲ್ಲವೆಂದು ಠಾಣೆಯವರು ದೂರುದಾರನನ್ನು ಹಿಂದಕ್ಕೆ ಕಳಿಸುವಂತಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಅದಕ್ಕೆ ಎಡೆಗೊಡುವುದಿಲ್ಲ. ಸಾಲದ ದಾಖಲೆಯಲ್ಲಿ ಸುಳ್ಳು ನಮೂದಿದ್ದರೆ 30 ದಿನದೊಳಗೆ ದೂರನ್ನು ಇತ್ಯರ್ಥಪಡಿಸಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವೂ ಇದೆ.

ಇವೆಲ್ಲಕ್ಕಿಂತ ಬಲವಾದ ದಾರಿಯೊಂದಿದೆ. ಅದನ್ನು ಬಲ್ಲವರು ವಿರಳ. 46ನೆಯ ಕಲಮಿನಂತೆ ರಾಜ್ಯದ ಮಾಹಿತಿ ತಂತ್ರಜ್ಞಾನ ಕಾರ್ಯದರ್ಶಿಯೇ ನ್ಯಾಯನಿರ್ಣಯ ಅಧಿಕಾರಿ. 5 ಕೋಟಿ ರೂಪಾಯಿವರೆಗಿನ ಪರಿಹಾರದ ಅರ್ಜಿಯನ್ನು ಅವರು ವಿಚಾರಿಸಬಹುದು. 2013ರಲ್ಲಿ ಮಹಾರಾಷ್ಟ್ರದ ಈ ಅಧಿಕಾರಿ, ಮೋಸದ ಇಮೇಲ್‌ಗೆ ಉತ್ತರಿಸಿ 80 ಲಕ್ಷಕ್ಕೂ ಮಿಕ್ಕ ಹಣ ಕಳೆದುಕೊಂಡ ಪುಣೆಯ ಗ್ರಾಹಕರಿಗೆ 45 ಲಕ್ಷ ರೂಪಾಯಿ ಕೊಡುವಂತೆ ಪಂಜಾಬ್ ನ್ಯಾಷನಲ್ ಬ್ಯಾಂಕಿಗೆ ಆದೇಶಿಸಿದರು. ಗ್ರಾಹಕನ ಅಜಾಗ್ರತೆ ಸಂಸ್ಥೆಯ ಹೊಣೆಯನ್ನು ತೊಳೆಯದೆಂಬುದೇ ಆ ಆದೇಶದ ಸಾರ. ಅಂಥ ಮೇಲ್ಪಂಕ್ತಿಯಿದ್ದೂ ಮೇಲ್ಮನವಿಯ ಸೈಬರ್ ನ್ಯಾಯಮಂಡಳಿ 2011ರಿಂದ ಅಧ್ಯಕ್ಷರಿಲ್ಲದೆ ಕೊಳೆಯಿತು. ಕಡೆಗೆ 2017ರಲ್ಲಿ ದೂರಸಂಪರ್ಕ ನ್ಯಾಯಮಂಡಳಿಯಲ್ಲಿ ಲೀನವಾಯಿತು.

ಈಗ ಬಂದಿರುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಬಗೆ ಇನ್ನೂ ವಿಚಿತ್ರ. ದತ್ತಾಂಶವನ್ನು ಕಾಯದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡವುಂಟು. ಅದು ಸೇರುವುದು ಭಾರತದ ಸಂಚಿತ ನಿಧಿಗೆ. ನೊಂದವನಿಗೆ ಬಿಡಿಗಾಸೂ ಇಲ್ಲ. ಅಷ್ಟೇ ಅಲ್ಲ, ಸಂಸ್ಥೆಗಳ ನಿರ್ಲಕ್ಷ್ಯಕ್ಕೆ ಪರಿಹಾರ ಕೊಡಿಸುತ್ತಿದ್ದ ಹಳೆಯ 43ಎ ಕಲಮನ್ನೇ ಇದು ಕಿತ್ತೊಗೆಯುತ್ತದೆ. ದೂರು ಕ್ಷುಲ್ಲಕವೆನಿಸಿದರೆ ದೂರುದಾರನಿಗೇ 10,000 ರೂಪಾಯಿವರೆಗೆ ದಂಡ! ಗಾಯಗೊಂಡವನ ಹೆಸರಿನಲ್ಲಿ ಬೊಕ್ಕಸ ತುಂಬಿಸಿಕೊಳ್ಳುವುದನ್ನು ಸಂರಕ್ಷಣೆಯೆಂದು ಕರೆಯುವುದು ಭಾಷೆಗೇ ಬಗೆಯುವ ದ್ರೋಹ.

ಪರಿಹಾರದ ಹಕ್ಕು ಮರಳಿ ಬರಬೇಕು. ನ್ಯಾಯನಿರ್ಣಯ ಅಧಿಕಾರಿಯ ವಿಚಾರಣೆ ನವಿ ಮುಂಬಯಿಯಂಥ ನಗರಗಳಲ್ಲಿಯೂ ನಡೆಯಬೇಕು. ಸಾಲಗಾರ ತಾನಲ್ಲವೆಂದು ಸಾಧಿಸುವ ಹೊರೆ ಹಮಾಲನ ಬೆನ್ನ ಮೇಲಲ್ಲ, ಸಾಲ ಕೊಟ್ಟವರ ತಲೆಯ ಮೇಲಿರಬೇಕು. ಸಮಾಜದ ಸಂಘಗಳೂ ಅಲ್ಲಿಯ ವಕೀಲರೂ ವಾರಕ್ಕೊಂದು ದಿನ ಕುಳಿತು ಇಂಥವರ ಅರ್ಜಿ ಬರೆದುಕೊಟ್ಟರೆ, ವೇದಿಕೆಯ ಮೇಲಿನ ನೂರು ಸನ್ಮಾನಗಳಿಗಿಂತ ಅದು ಮಿಗಿಲಾದ ಸೇವೆ.