ಗಹುಂಜೆಗೆ ಬಾರದ ಪಂದ್ಯ: ಬಯೋ ಬಬಲ್‌ನಿಂದ ರೋಗಿಯ ಮನೆಗೆ ಸಿಗುವ ಪಾಠವೇನು?

2022ರ ಏಪ್ರಿಲ್ 20ರಂದು ದೇಹೂ ರೋಡ್ ಸಮೀಪದ ಗಹುಂಜೆ ಕ್ರೀಡಾಂಗಣದಲ್ಲಿ ಡೆಲ್ಲಿ ಕ್ಯಾಪಿಟಲ್ಸ್ ಮತ್ತು ಪಂಜಾಬ್ ಕಿಂಗ್ಸ್ ನಡುವೆ ಐಪಿಎಲ್ ಪಂದ್ಯ ನಡೆಯಬೇಕಿತ್ತು. ಡೆಲ್ಲಿ ತಂಡದಲ್ಲಿ ಕೋವಿಡ್ ಕಾಣಿಸಿಕೊಂಡಿದ್ದರಿಂದ ಅದನ್ನು ಮುಂಬೈನ ಬ್ರೆಬೋರ್ನ್ ಕ್ರೀಡಾಂಗಣಕ್ಕೆ ಸ್ಥಳಾಂತರಿಸಲಾಯಿತು. ಬಿಸಿಸಿಐ ಕೊಟ್ಟ ಕಾರಣವನ್ನು ಗಮನಿಸಿ: ಪತ್ತೆಯಾಗದ ಸೋಂಕಿತರು ಯಾರಾದರೂ ಇದ್ದರೆ, ಮುಚ್ಚಿದ ಬಸ್ಸಿನ ದೀರ್ಘ ಪ್ರಯಾಣದಲ್ಲಿ ಸೋಂಕು ಇನ್ನಷ್ಟು ಹರಡಬಹುದು.

ಮನೆಯಲ್ಲಿ ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆ ಅಥವಾ ಅಂಗಾಂಗ ಕಸಿ ಮಾಡಿಸಿಕೊಂಡವರಿದ್ದರೆ ಈ ಮಾತು ನಿಮಗೂ ಅನ್ವಯಿಸುತ್ತದೆ.

ಬಯೋ ಬಬಲ್ ಎಂದರೇನು?

ಆಟಗಾರರು, ಸಿಬ್ಬಂದಿ ಮೊದಲು ಪ್ರತ್ಯೇಕವಾಸದಲ್ಲಿದ್ದು, ಪದೇಪದೇ ಪರೀಕ್ಷೆ ಮಾಡಿಸಿಕೊಂಡು, ಹೊರಗಿನವರ ಸಂಪರ್ಕವಿಲ್ಲದೆ ಇರುವ ವ್ಯವಸ್ಥೆ.

ಅದು ಎಲ್ಲಿ ಒಡೆಯಿತು?

2021ರ ಐಪಿಎಲ್ ಏಪ್ರಿಲ್ 9ರಂದು ಶುರುವಾಯಿತು. ಆರು ನಗರಗಳಲ್ಲಿ ಪಂದ್ಯಗಳನ್ನು ನಿಗದಿ ಮಾಡಲಾಗಿತ್ತು. ತಂಡಗಳು ಊರಿಂದೂರಿಗೆ ಹೋಗಬೇಕಿತ್ತು. ಆಗ ಎರಡನೇ ಅಲೆಯ ಉತ್ತುಂಗ. ದೆಹಲಿಯ ಆಸ್ಪತ್ರೆಗಳಲ್ಲಿ ಆಮ್ಲಜನಕಕ್ಕೆ ಪರದಾಟ. ಅದೇ ನಗರದಲ್ಲಿ ಪಂದ್ಯಗಳೂ ನಡೆದವು. ಇಂಥ ಹೊತ್ತಿನಲ್ಲಿ ಆಟ ಬೇಕೇ ಎಂಬ ಪ್ರಶ್ನೆ ಎದ್ದಿತು. ಹಲವು ತಂಡಗಳಲ್ಲಿ ಸೋಂಕು ಕಂಡು, 29 ಪಂದ್ಯಗಳ ಬಳಿಕ ಮೇ 4ರಂದು ಟೂರ್ನಿ ನಿಂತಿತು. ಉಳಿದ ಪಂದ್ಯಗಳು ಸೆಪ್ಟೆಂಬರ್ 19ರಿಂದ ಯುಎಇಯಲ್ಲಿ ನಡೆದವು.

ಮುಂದೆ ಏನು ಬದಲಾಯಿತು?

ಓಡಾಟ ಕಡಿಮೆಯಾಯಿತು. 2022ರ 70 ಲೀಗ್ ಪಂದ್ಯಗಳನ್ನು ಮುಂಬೈ, ನವಿ ಮುಂಬೈ ಮತ್ತು ಪುಣೆಯ ನಾಲ್ಕೇ ಕ್ರೀಡಾಂಗಣಗಳಿಗೆ ಹಂಚಲಾಯಿತು. ಪ್ರೊ ಕಬಡ್ಡಿ ಲೀಗ್ ಇನ್ನೂ ಮುಂದೆ ಹೋಯಿತು: 2021ರ ಡಿಸೆಂಬರ್ 22ರಿಂದ ಇಡೀ ಋತು ಬೆಂಗಳೂರಿನ ವೈಟ್‌ಫೀಲ್ಡ್‌ನ ಒಂದೇ ಹೋಟೆಲ್‌ನಲ್ಲಿ, ಪ್ರೇಕ್ಷಕರಿಲ್ಲದೆ ನಡೆಯಿತು. ಆದರೂ ಜನವರಿಯಲ್ಲಿ ಎರಡು ತಂಡಗಳಿಗೆ 12 ಆಟಗಾರರನ್ನು ಹೊಂದಿಸಲಾಗಲಿಲ್ಲ. ವೇಳಾಪಟ್ಟಿ ಬದಲಾಯಿತು, ಆದರೆ ಲೀಗ್ ನಿಲ್ಲಲಿಲ್ಲ.

ಅಂದರೆ, ಸೋಂಕು ಒಳಗೆ ಬರುವುದೇ ಇಲ್ಲ ಎಂದು ಯಾವ ಬಬಲ್ಲೂ ಖಾತ್ರಿ ಕೊಡುವುದಿಲ್ಲ. ಬಂದಾಗ ಏನು ಮಾಡಬೇಕೆಂದು ಮೊದಲೇ ಯೋಚಿಸಿಟ್ಟರೆ ಹಾನಿ ಕಡಿಮೆ.

ನಿಮ್ಮ ಮನೆಯಲ್ಲಿ ಏನು ಮಾಡಬಹುದು?

• ನೆಗೆಟಿವ್ ವರದಿಯನ್ನೇ ಪೂರ್ತಿ ನಂಬಬೇಡಿ. ಸೋಂಕು ತಗುಲಿದ ಮೊದಲ ದಿನಗಳಲ್ಲಿ ಪರೀಕ್ಷೆಯಲ್ಲಿ ಅದು ಕಾಣದಿರಬಹುದು. ಜ್ವರ, ಕೆಮ್ಮು ಇದ್ದವರು ರೋಗಿಯಿಂದ ದೂರವಿರಲಿ.
• ಆರೈಕೆಗೆ ಒಬ್ಬಿಬ್ಬರೇ ಇರಲಿ. ಅವರೇ ಮಲಗಿದರೆ ಯಾರು ನೋಡಿಕೊಳ್ಳಬೇಕು ಎಂಬುದನ್ನೂ ಈಗಲೇ ನಿರ್ಧರಿಸಿ.
• ಆಸ್ಪತ್ರೆಗೆ ಹೋಗುವಾಗ ವಾಹನದ ಕಿಟಕಿ ತೆರೆದಿಡಿ, ಎಲ್ಲರೂ ಮಾಸ್ಕ್ ಹಾಕಿಕೊಳ್ಳಿ.
• ಸೋಂಕಿನ ಭಯದಿಂದ ಡಯಾಲಿಸಿಸ್ ಅಥವಾ ಕಿಮೋಥೆರಪಿ ತಪ್ಪಿಸಬೇಡಿ. ಮನೆಯಲ್ಲಿ ಯಾರಿಗಾದರೂ ಸೋಂಕಿದ್ದರೆ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ತಿಳಿಸಿ.

ಪಂದ್ಯವನ್ನು ಬೇರೆ ಊರಿಗೆ ಒಯ್ಯಬಹುದು, ಮುಂದಕ್ಕೂ ಹಾಕಬಹುದು. ವಾರಕ್ಕೆ ಎರಡು ಮೂರು ಸಲದ ಡಯಾಲಿಸಿಸ್‌ಗೆ ಆ ಅವಕಾಶವಿಲ್ಲ. ಹಾಗಾಗಿ ಮನೆಮಂದಿ ತಮ್ಮ ಉಳಿದ ಓಡಾಟಗಳನ್ನು ಕಡಿಮೆ ಮಾಡಿಕೊಳ್ಳುವುದೇ ರೋಗಿಗೆ ಮಾಡುವ ದೊಡ್ಡ ಸಹಾಯ.